ಗಾಳಿ ತಂದ ಬಟ್ಟೆ, ಮಗ್ಗ ಕೊಟ್ಟ ಬಣ್ಣ

ದಸರಾ ಹತ್ತಿರವಾಗುತ್ತಿದ್ದಂತೆ ಮಂಗಳೂರಿನ ಹಂಪನಕಟ್ಟೆಯ ಜವಳಿ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ‘ಹೊಸ ಸ್ಟಾಕ್ ಬಂತಾ?’ ಎಂಬುದು ಬಾಗಿಲಲ್ಲೇ ಕೇಳಿಬರುವ ಪ್ರಶ್ನೆ. ಈ ಊರಿನಲ್ಲಿ ಆ ಪ್ರಶ್ನೆಗೆ ಒಂಬೈನೂರು ವರ್ಷಗಳ ಇತಿಹಾಸವಿದೆ.

1132ರ ಹೊತ್ತಿಗೆ ಟ್ಯುನೀಸಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ಬಿಡಾರ ಹೂಡಿದ್ದ. ಇಲ್ಲಿಂದ ಮೆಣಸು, ಅಡಿಕೆ ಕಳುಹಿಸುತ್ತಿದ್ದ ಅವನಿಗೆ ಏಡನ್ನಿನ ಗೆಳೆಯರು ಕಾಗದ, ಸಕ್ಕರೆ, ಒಣದ್ರಾಕ್ಷಿಯ ಜೊತೆಗೆ ಉಡುಪುಗಳನ್ನೂ ಕಳುಹಿಸುತ್ತಿದ್ದರು. ಕೈರೋದ ಹಳೆಯ ಸಿನಗಾಗ್ ಒಂದರಲ್ಲಿ ಉಳಿದಿದ್ದ ಪತ್ರಗಳಿಂದ ಇದೆಲ್ಲ ತಿಳಿಯಿತು. ಅಮಿತಾವ್ ಘೋಷ್ 1992ರಲ್ಲಿ ಅವನ ಕಥೆಯನ್ನು ಪುಸ್ತಕವಾಗಿಸಿದರು. ಆಗ ‘ಸೀಸನ್’ ಎಂದರೆ ಗಾಳಿಯೇ. ಮುಂಗಾರು ತಗ್ಗುವ ಹೊತ್ತಿಗೆ ಅರಬ್ ಹಡಗುಗಳು ಕರಾವಳಿಗೆ ಬರಬೇಕು, ಚಳಿಗಾಲದ ಈಶಾನ್ಯ ಮಾರುತ ಹಿಡಿದು ಮರಳಬೇಕು. ಹಡಗು ತಪ್ಪಿದರೆ ಹೊಸ ರುಮಾಲಿಗೆ ಮುಂದಿನ ವರ್ಷದವರೆಗೆ ಕಾಯಬೇಕು.

ಸಮುದ್ರದಿಂದ ಬಟ್ಟೆ ತರಿಸಿಕೊಳ್ಳುತ್ತಿದ್ದ ಊರು ಹತ್ತೊಂಬತ್ತನೇ ಶತಮಾನದಲ್ಲಿ ತಾನೇ ಬಟ್ಟೆ ಕಳುಹಿಸತೊಡಗಿತು. ಅದಕ್ಕೆ ಕಾರಣ ಬಲ್ಮಠದ ಮಗ್ಗಗಳು. ಕ್ರೈಸ್ತ ಧರ್ಮಪ್ರಚಾರಕರ ಬಾಸೆಲ್ ಮಿಷನ್ 1834ರಲ್ಲಿ ಇಲ್ಲಿಗೆ ಬಂತು. ಕ್ರೈಸ್ತ ಧರ್ಮಕ್ಕೆ ಸೇರಿದವರಲ್ಲಿ ಹಲವರು ಮನೆ, ಜಾತಿ, ಕುಲಕಸುಬು ಮೂರನ್ನೂ ಕಳೆದುಕೊಂಡಿದ್ದರು. ಅವರ ಹೊಟ್ಟೆಪಾಡಿಗೆಂದೇ ನೇಯ್ಗೆ ಶುರುವಾಯಿತು. ನೇಯ್ಗೆ ಬಲ್ಲ ಜಾನ್ ಹಾಲರ್ 1851ರಲ್ಲಿ ಯುರೋಪಿನಿಂದ ಬಂದ ಮೇಲೆ ಮಗ್ಗಗಳ ಜೊತೆ ಬಣ್ಣದ ಮನೆಯೂ ಎದ್ದಿತು. ಗೇರು ಜಾತಿಯ ಮರದ ತೊಗಟೆಯಿಂದ ಹಾಲರ್ ತೆಗೆದ ಕಂದುಬಣ್ಣವೇ ಖಾಕಿ ಎನ್ನುತ್ತವೆ ಮಿಷನ್ನಿನ ಬರಹಗಳು. ಬ್ರಿಟಿಷ್ ಸೇನಾಧಿಪತಿ ಲಾರ್ಡ್ ರಾಬರ್ಟ್ಸ್ ಇಲ್ಲಿಗೆ ಬಂದು ಆ ಬಟ್ಟೆ ಮೆಚ್ಚಿ ಸೈನ್ಯಕ್ಕೆ ಶಿಫಾರಸು ಮಾಡಿದ ಕಥೆಯೂ ಅವುಗಳಲ್ಲಿದೆ. ಆದರೆ 1840ರ ದಶಕದಲ್ಲೇ ವಾಯವ್ಯ ಗಡಿಯಲ್ಲಿ ಬ್ರಿಟಿಷ್ ಅಧಿಕಾರಿ ಹ್ಯಾರಿ ಲಮ್ಸ್‌ಡನ್ನನ ಪಡೆ ಮಣ್ಣಿನ ಬಣ್ಣದ ಉಡುಪು ತೊಟ್ಟಿತ್ತು. ‘ಖಾಕ್’ ಎಂದರೆ ಪಾರಸಿಯಲ್ಲಿ ಧೂಳು. ಹಾಗಾಗಿ ಖಾಕಿ ಹುಟ್ಟಿದ್ದೇ ಇಲ್ಲಿ ಎನ್ನುವುದು ಅತಿಯಾದೀತು. ತೊಳೆದರೂ ನಿಲ್ಲುವ ಆ ಬಣ್ಣವನ್ನು ಇಲ್ಲಿನ ಕೈಗಳು ಸಾಧಿಸಿದ್ದವು ಎಂದರೆ ಸಾಕು, ಅದೇ ದೊಡ್ಡ ಮಾತು. ಮೊದಲ ಮಹಾಯುದ್ಧದ ಬಳಿಕ ಮಿಷನ್ನಿನ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು.

ಮುಂದೆ ಬಟ್ಟೆ ಮತ್ತೆ ಹೊರಗಿನಿಂದಲೇ ಬಂತು. ಗಲ್ಫಿನಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಅತ್ತರಿನ ಪರಿಮಳ ಹೊತ್ತ ‘ಫಾರಿನ್ ಸೀರೆ’, ಆಮೇಲೆ ಸೂರತ್ತಿನ ಸರಕು, ಈಗ ಮಾಲ್‌ಗಳಲ್ಲಿ ಜಗತ್ತಿನ ಬ್ರ್ಯಾಂಡ್‌ಗಳು.

ಆದರೆ ಊರಿನದೇ ಸೀರೆ ಅಲ್ಲೇ ಪಕ್ಕದಲ್ಲಿತ್ತು. ಮಂಗಳೂರಿನಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಕಿನ್ನಿಗೋಳಿ ಬಳಿಯ ತಾಳಿಪಾಡಿಯಲ್ಲಿ ನೇಕಾರರ ಸಹಕಾರ ಸಂಘವಿದೆ. ಅಲ್ಲಿನ ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಆ ಹೊತ್ತಿಗೆ ಮಗ್ಗದ ಮುಂದೆ ಉಳಿದಿದ್ದವರು ಬೆರಳೆಣಿಕೆಯ ಹಿರಿಯರು. ಕಾರ್ಕಳದ ಕದಿಕೆ ಟ್ರಸ್ಟ್ ಅವರ ಜೊತೆ ನಿಂತು, ಹೊಸಬರಿಗೆ ತರಬೇತಿ ಕೊಡಿಸಿ, ಅಡಿಕೆ ಚೊಗರಿನಂಥ ಸಹಜ ಬಣ್ಣಗಳನ್ನು ನೂಲಿಗೆ ತಂದಿತು.

ಆ ಸೀರೆಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಮೈ ಸರಳ, ಅಂಚು ತೆಳು, ಸೆರಗು ಬೇರೆ ಬಣ್ಣದ್ದು. ಮಗ್ಗಕ್ಕೆ ಹೂಡಿದ ಹಾಸುನೂಲಿಗೆ ನೇಕಾರರು ಅಕ್ಕಿಗಂಜಿಯನ್ನು ಬ್ರಷ್ಷಿನಿಂದ ಸವರಿ, ಒಣಗಿದಷ್ಟೇ ಭಾಗವನ್ನು ನೇಯುತ್ತಾರೆ, ಮತ್ತೆ ಸವರುತ್ತಾರೆ. ಅದಕ್ಕೇ ಬಟ್ಟೆ ಹಗುರವಾಗಿದ್ದೂ ಬಿಗಿಯಾಗಿರುತ್ತದೆ. ತುಳುವರ ಆಟಿ ತಿಂಗಳ ಜಡಿಮಳೆಯಲ್ಲಿ ಗಂಜಿ ಬೇಗ ಒಣಗದು, ಲಾಳಿ ಕಾಯುತ್ತ ಕೂರುತ್ತದೆ. ದಸರೆಗೆ ಉಡಬೇಕೆನ್ನುವವರು ಅದಕ್ಕೂ ಮುಂಚೆಯೇ ಹೇಳಿಡುವುದು ಒಳ್ಳೆಯದು. ಸೀರೆ ಕೈಗೆ ಬಂದಾಗ ಅದರ ಜೊತೆಗಿನ ಚೀಟಿಯಲ್ಲಿ ನೇಯ್ದವರ ಹೆಸರಿರುತ್ತದೆ.