ಕೀಲಿಮಣೆಯ ಮೇಲೆ ಕನ್ನಡ ವರ್ಣಮಾಲೆ

ಉಳಿ, ಕಂಠ, ಲೇಖನಿ, ಅಚ್ಚಿನ ಮೊಳೆ ಎಂದು ಕನ್ನಡ ಲಿಪಿಯು ತನ್ನ ದೀರ್ಘ ಜೀವಿತದಲ್ಲಿ ಹಲವು ಉಪಕರಣಗಳನ್ನು ಕಂಡಿದೆ. ಉಪಕರಣವು ಬದಲಾದಾಗಲೆಲ್ಲ ಅಕ್ಷರವೂ ಅದಕ್ಕೆ ಒಗ್ಗಿಕೊಳ್ಳಬೇಕಾಯಿತು. ಇಂದು ಬರವಣಿಗೆಯ ಬಹುಭಾಗವು ಕೀಲಿಮಣೆಯ ಮೂಲಕವೇ ನಡೆಯುತ್ತಿರುವುದರಿಂದ, ಆ ಮಣೆಯ ಮೇಲೆ ನಮ್ಮ ವರ್ಣಮಾಲೆಗೆ ಸ್ಥಾನವು ದೊರೆತ ಬಗೆಯನ್ನು ಅರಿಯುವುದು ಅವಶ್ಯಕ. ಮರಾಠಿಯ ನಡುವೆ ಕನ್ನಡವನ್ನು ಕಾಪಾಡಿಕೊಂಡು ಬಂದಿರುವ ಮಾಲಗಾಂವ, ಮಿರಜ ಭಾಗದ ನಮಗಂತೂ ಇದು ಬರಿಯ ಕುತೂಹಲದ ವಿಷಯವಲ್ಲ.

ಇಂದಿನ ಕೀಲಿಮಣೆಯ ತವರು ಅಮೆರಿಕ. ಮಿಲ್ವಾಕಿ ನಗರದ ಪತ್ರಿಕಾಸಂಪಾದಕರಾಗಿದ್ದ ಕ್ರಿಸ್ಟೋಫರ್ ಶೋಲ್ಸರು ಸಂಗಡಿಗರೊಡನೆ ಕೂಡಿ 1868ರಲ್ಲಿ ಬೆರಳಚ್ಚು ಯಂತ್ರವೊಂದಕ್ಕೆ ಹಕ್ಕುಪತ್ರವನ್ನು ಪಡೆದರು. ರೆಮಿಂಗ್ಟನ್ ಸಂಸ್ಥೆಯು 1874ರಲ್ಲಿ ಆ ಯಂತ್ರವನ್ನು ಮಾರಾಟಕ್ಕೆ ತಂದಿತು. ಅದರಲ್ಲಿದ್ದುವು ಇಂಗ್ಲಿಷಿನ ದೊಡ್ಡಕ್ಷರಗಳು ಮಾತ್ರ. 1878ರ ಯಂತ್ರದಲ್ಲಿ ‘ಶಿಫ್ಟ್’ ಎಂಬ ಕೀಲಿಯು ಸೇರಿ, ಒಂದೇ ಕೀಲಿಯಿಂದ ಎರಡು ಅಕ್ಷರಗಳನ್ನು ಮೂಡಿಸುವ ಅನುಕೂಲವು ಒದಗಿತು. ಇಪ್ಪತ್ತಾರು ಅಕ್ಷರಗಳ ಭಾಷೆಗೆ ಇಷ್ಟು ಸಾಕಾಗಿದ್ದಿತು.

ಕನ್ನಡದ ಪಾಡು ಹಾಗಲ್ಲ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳು. 34 ವ್ಯಂಜನಗಳಿಗೆ ಹದಿನೈದರಂತೆ ಕಾಗುಣಿತವನ್ನು ಬರೆದರೆ 510 ರೂಪಗಳಾಗುವುವು; ಒತ್ತಕ್ಷರಗಳು ಕೂಡಿದರೆ ಎಣಿಕೆಯು ಸಾವಿರಗಳನ್ನು ದಾಟುವುದು. ಐವತ್ತು ಕೀಲಿಗಳೂ ಇಲ್ಲದ ಯಂತ್ರದಲ್ಲಿ ಇವನ್ನೆಲ್ಲ ಹೊಂದಿಸುವುದು ಹೇಗೆ? ಕನ್ನಡ ಬೆರಳಚ್ಚು ಯಂತ್ರದ ಕೀಲಿಮಣೆಯನ್ನು ರೂಪಿಸಿದ ಕೀರ್ತಿಗೆ ಪಾತ್ರರಾದ ಅನಂತಸುಬ್ಬರಾಯರು ಎದುರಿಸಿದ ಸಮಸ್ಯೆಯಿದು. ಅಕ್ಷರದ ಆಕೃತಿಯನ್ನು ಬಿಡಿಸುವುದೊಂದೇ ಅಲ್ಲಿದ್ದ ದಾರಿ. ಅಕ್ಷರದ ಒಡಲು ಬೇರೆ, ಕೊಂಬು ಬೇರೆ, ದೀರ್ಘ ಬೇರೆ, ಒತ್ತು ಬೇರೆ. ಒತ್ತನ್ನು ಮೂಡಿಸುವಾಗ ಕಾಗದವು ಮುಂದಕ್ಕೆ ಸರಿಯದಂತೆ ಕೆಲವು ಕೀಲಿಗಳನ್ನು ಅಳವಡಿಸಬೇಕಾಗಿದ್ದಿತು. ಕಚೇರಿಗಳಲ್ಲಿ ಕನ್ನಡವು ನಡೆಯುವುದಕ್ಕೆ ಆ ಯಂತ್ರವು ಮಾಡಿದ ಉಪಕಾರವು ದೊಡ್ಡದು. ಆದರೂ ಅದನ್ನು ಕಲಿಯುವವನು ವರ್ಣಮಾಲೆಯನ್ನು ಬದಿಗಿರಿಸಿ ಅಕ್ಷರದ ತುಂಡುಗಳನ್ನು ಬಾಯಿಪಾಠ ಮಾಡಬೇಕಾಗಿದ್ದಿತು.

ಗಣಕಯಂತ್ರವು ಬಂದ ಮೇಲೆ ಈ ಕಟ್ಟು ಸಡಿಲಿತು. ಅದು ಅಕ್ಷರದ ಆಕಾರವನ್ನಲ್ಲ, ಅಕ್ಷರಕ್ಕೆ ಕೊಟ್ಟ ಸಂಖ್ಯೆಯನ್ನು ನೆನಪಿನಲ್ಲಿಡಬಲ್ಲುದು. ಆಕಾರವನ್ನು ಅನಂತರ ತಾನೇ ಜೋಡಿಸಿ ತೋರಿಸಬಲ್ಲುದು. ಆದುದರಿಂದ ಬರೆಯುವವನು ವ್ಯಂಜನ, ಸ್ವರ ಎಂಬ ಕ್ರಮದಲ್ಲಿ ಧ್ವನಿಗಳನ್ನು ಒದಗಿಸಿದರೆ ಸಾಕು. ಇದನ್ನು ಕನ್ನಡಕ್ಕೆ ಸಾಧಿಸಿ ತೋರಿಸಿದವರಲ್ಲಿ ಅಗ್ರಗಣ್ಯರು ಮಂಗಳೂರಿನ ಬಳಿಯ ಕಿನ್ನಿಕಂಬಳದಲ್ಲಿ 1940ರಲ್ಲಿ ಜನಿಸಿದ ಕೆ. ಪಿ. ರಾಯರು. ಅವರ ವಿನ್ಯಾಸದಲ್ಲಿ ಇಂಗ್ಲಿಷಿನ ‘ಕೆ’ ಕೀಲಿಯು ಕಕಾರ. ಶಿಫ್ಟಿನೊಡನೆ ಅದೇ ಖಕಾರ. ‘ಜಿ’ ಗಕಾರವಾದರೆ ಶಿಫ್ಟಿನೊಡನೆ ಘಕಾರ. ಅಲ್ಪಪ್ರಾಣ ಮಹಾಪ್ರಾಣಗಳು ಒಂದೇ ಕೀಲಿಯ ಎರಡು ನೆಲೆಗಳು! ಒತ್ತಕ್ಷರಕ್ಕೆ ‘ಎಫ್’ ಕೀಲಿಯ ಕೊಂಡಿ. ‘ಕನ್ನಡ’ ಎಂದು ಬರೆಯಲು ಕ, ನ, ಕೊಂಡಿ, ನ, ಡ ಎಂಬ ಐದೇ ಒತ್ತುಗಳು. ಇಲ್ಲಿ ಒಂದೊಂದು ಹೆಜ್ಜೆಯೂ ವ್ಯಾಕರಣವೇ ಆಗಿದೆ. ರಾಯರು ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ತಂತ್ರಾಂಶವನ್ನು ರಚಿಸಿ ಉಚಿತವಾಗಿ ಹಂಚಿದರು. ಕರ್ನಾಟಕ ಸರಕಾರವು ಈ ವಿನ್ಯಾಸವನ್ನೇ ಅಧಿಕೃತವೆಂದು ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಅದು ನಾಡಿನಲ್ಲೆಲ್ಲ ಹರಡಿತು. ಶೇಷಾದ್ರಿವಾಸು ಅವರ ‘ಬರಹ’ವು 1998ರಲ್ಲಿ ಹೊರಬಂದು, ಇಂಗ್ಲಿಷಿನ ಕಾಗುಣಿತದಲ್ಲಿ ಟಂಕಿಸಿದುದನ್ನೇ ಕನ್ನಡವಾಗಿ ಮೂಡಿಸಿ, ಹೊರನಾಡಿನ ಎಷ್ಟೋ ಕನ್ನಡಿಗರಿಗೆ ನೆರವಾಯಿತು.

ಆದರೆ ಗಡಿನಾಡಿನ ನಾವು ವಿಶೇಷವಾಗಿ ಗಮನಿಸಬೇಕಾದ ವಿನ್ಯಾಸವು ಇನ್ನೊಂದಿದೆ. ಕೇಂದ್ರ ಸರಕಾರದ ಇಲೆಕ್ಟ್ರಾನಿಕ್ಸ್ ಇಲಾಖೆಯು 1986ರಲ್ಲಿ ‘ಇನ್‌ಸ್ಕ್ರಿಪ್ಟ್’ ಎಂಬ ಕೀಲಿಮಣೆಯನ್ನು ರೂಪಿಸಿತು. 1991ರಲ್ಲಿ ಅದು ರಾಷ್ಟ್ರೀಯ ಮಾನಕದೊಳಗೆ ಸೇರಿತು. ಇಂಗ್ಲಿಷಿನ ಅಕ್ಷರಕ್ರಮವನ್ನು ಅದು ಅವಲಂಬಿಸಿಲ್ಲ. ಎಡಗೈಗೆ ಸ್ವರಗಳು, ಬಲಗೈಗೆ ವ್ಯಂಜನಗಳ ಬಹುಪಾಲು. ಸ್ವರಗಳನ್ನು ಎಡಗೈಗೆ ಒಪ್ಪಿಸುವ ಉಪಾಯವನ್ನು ಅಮೆರಿಕದ ಪ್ರಾಧ್ಯಾಪಕ ಆಗಸ್ಟ್ ಡ್ವೊರಾಕರೂ 1936ರಲ್ಲಿ ಹಕ್ಕುಪತ್ರ ಪಡೆದ ತಮ್ಮ ಇಂಗ್ಲಿಷ್ ಕೀಲಿಮಣೆಯಲ್ಲಿ ಬಳಸಿದ್ದರು. ಇನ್‌ಸ್ಕ್ರಿಪ್ಟಿನ ಹೆಚ್ಚಳವೆಂದರೆ, ಭಾರತೀಯ ಲಿಪಿಗಳಿಗೆಲ್ಲ ವಿನ್ಯಾಸವು ಒಂದೇ. ನಾಗರಿಯ ಕಕಾರವಿರುವಲ್ಲಿಯೇ ಕನ್ನಡದ ಕಕಾರ, ಅಲ್ಲಿಯ ಪಕಾರದ ಸ್ಥಾನದಲ್ಲಿಯೇ ನಮ್ಮ ಪಕಾರ. ಈ ಮಣೆಯಲ್ಲಿ ಮರಾಠಿಯನ್ನು ಟಂಕಿಸಲು ಕಲಿತ ನಮ್ಮ ಹುಡುಗನಿಗೆ ಕನ್ನಡದ ಅಭ್ಯಾಸವು ಮುಕ್ಕಾಲುಪಾಲು ಮುಗಿದಂತೆಯೇ ಸರಿ.

ಉಳಿದ ಕಾಲುಪಾಲಿನಲ್ಲಿಯೇ ಮರ್ಮವಿರುವುದು. ಎಕಾರ ಏಕಾರಗಳ, ಒಕಾರ ಓಕಾರಗಳ ಭೇದವನ್ನು ಮರಾಠಿಯ ಬರವಣಿಗೆಯು ತೋರಿಸುವುದಿಲ್ಲ. ಕನ್ನಡಕ್ಕೆ ಅದು ಜೀವಾಳ. ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜನು ಹ್ರಸ್ವವಾದ ಎ, ಒಗಳನ್ನು ದೇಶೀಯ ಅಕ್ಷರಗಳಲ್ಲಿ ಎಣಿಸಿದ್ದಾನೆ. ಹೊಲದಲ್ಲಿರುವುದು ಬೆಳೆ, ಒಲೆಯ ಮೇಲಿರುವುದು ಬೇಳೆ. ಕೈಯಿಂದ ಕೊಡು, ಎತ್ತಿಗೆ ಕೋಡು. ಇವನ್ನು ನಾಗರಿಯಲ್ಲಿ ಬರೆದರೆ ಎರಡೂ ಒಂದೇ ಆಗುವುವು. ಇಂಗ್ಲಿಷ್ ಲಿಪಿಯಲ್ಲಿ ಸಂದೇಶವನ್ನು ಬರೆದಾಗಲೂ ಸಾಮಾನ್ಯವಾಗಿ ಇದೇ ಗತಿ. ಇನ್‌ಸ್ಕ್ರಿಪ್ಟ್ ಮಣೆಯು ಈ ಹ್ರಸ್ವಗಳಿಗೆ ಪ್ರತ್ಯೇಕ ಕೀಲಿಗಳನ್ನು ಕೊಟ್ಟಿದೆ. ಎಕಾರವು ಇಂಗ್ಲಿಷಿನ ‘ಝಡ್’ ಕೀಲಿಯಲ್ಲಿ, ಒಕಾರವು ಒಂದನೆಯ ಅಂಕೆಯ ಎಡಬದಿಯ ಕೀಲಿಯಲ್ಲಿ ನೆಲೆಸಿವೆ. ಮರಾಠಿಯನ್ನು ರೂಢಿಸಿಕೊಂಡ ಬೆರಳು ಅತ್ತ ಸಾಗದು. ಅದನ್ನು ಅಲ್ಲಿಗೆ ಒಯ್ದು ಪಳಗಿಸಬೇಕು.

ಪುಣೆಯ ಬಾಲಭಾರತಿಯು ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದಲ್ಲಿಯೇ ಪಠ್ಯಪುಸ್ತಕಗಳನ್ನು ಒದಗಿಸುತ್ತಿದೆ. ಓದುವುದಕ್ಕೆ ಕನ್ನಡವುಂಟು. ಆದರೆ ಮಗುವು ಬೆಳೆದು ಅರ್ಜಿಯನ್ನೋ ಪತ್ರವನ್ನೋ ಯಂತ್ರದಲ್ಲಿ ಬರೆಯಹೊರಟಾಗ ಬೇರೆ ಲಿಪಿಗೆ ಶರಣಾದರೆ, ಕಲಿತ ಅಕ್ಷರವು ಕಣ್ಣಿನಲ್ಲಿ ಉಳಿದು ಕೈಯಿಂದ ಜಾರುವುದು. ಕೈಬಿಟ್ಟ ಲಿಪಿಯನ್ನು ಕಣ್ಣು ಎಷ್ಟು ಕಾಲ ಕಾದೀತು?

ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಗೊತ್ತುಪಡಿಸುವ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಯಂತ್ರಕ್ಕೆ ಕನ್ನಡವು ಬಾರದೆಂಬ ಮಾತು ಇನ್ನು ಸಲ್ಲದು. ಹಿರಿಯರು ಅಕ್ಷರವನ್ನು ತುಂಡರಿಸಿಯಾದರೂ ಯಂತ್ರದೊಳಗೆ ಇರಿಸಿದರು. ಅವರ ಬಳಿಕ ಬಂದವರು ಯಂತ್ರವನ್ನೇ ವರ್ಣಮಾಲೆಯ ದಾರಿಗೆ ತಂದರು. ಇವರ ದುಡಿಮೆಯ ಫಲವು ಇಂದು ಮನೆಮನೆಯ ದೂರವಾಣಿಯಲ್ಲಿಯೂ ಇದೆ. ತಾಯಿತಂದೆಗಳು ಮಕ್ಕಳ ಕೈಯಲ್ಲಿ ಮೊದಲು ಅವರವರ ಹೆಸರನ್ನು, ಅನಂತರ ಊರಿನ ಹೆಸರನ್ನು, ಮತ್ತೆ ಬೆಳೆ ಬೇಳೆಗಳನ್ನು ಕನ್ನಡದಲ್ಲಿ ಟಂಕಿಸಿ ನೋಡಲಿ. ದಿನಕ್ಕೆ ಕಾಲುಗಂಟೆಯ ಅಭ್ಯಾಸ ಸಾಕು. ಗಡಿಯಲ್ಲಿ ನಿಂತು ಎರಡು ಭಾಷೆಗಳನ್ನು ಆಡುವ ನಮ್ಮ ಮಕ್ಕಳು ಎರಡನ್ನೂ ಹತ್ತು ಬೆರಳುಗಳಿಂದ ಶುದ್ಧವಾಗಿ ಬರೆಯುವಂತಾಗಲಿ.