ಹಳೆಯ ನಾಣ್ಯದ ಬೆಲೆ

ಹಣ, ದುಡ್ಡು, ಕಾಸು ಎಂಬ ಮಾತುಗಳನ್ನು ನಾವು ದಿನವೂ ಆಡುತ್ತೇವೆ. ಇವು ಮೂರೂ ಒಂದು ಕಾಲಕ್ಕೆ ಕೈಯಲ್ಲಿ ಹಿಡಿಯಬಹುದಾದ ನಾಣ್ಯಗಳ ಹೆಸರುಗಳೆಂಬುದು ಮಾತ್ರ ನಮಗೆ ನೆನಪಿಲ್ಲ. ಹಣವೆಂಬುದು ಬೇಳೆಕಾಳಿನಷ್ಟು ಪುಟ್ಟದಾದ ಚಿನ್ನದ ನಾಣ್ಯ. ಹತ್ತು ಹಣ ಕೂಡಿದರೆ ಒಂದು ವರಹ. ದುಡ್ಡು ತಾಮ್ರದ್ದು. ನಾಣ್ಯಗಳು ಚಲಾವಣೆಯಿಂದ ಹೋದವು, ಹೆಸರುಗಳು ಭಾಷೆಯಲ್ಲಿ ಉಳಿದುಕೊಂಡವು. ಕನ್ನಡ ಎಂ.ಎ. ಮಾಡಿ ಪಾಠ ಹೇಳಿಕೊಂಡಿದ್ದ ನನ್ನನ್ನು ನಾಣ್ಯಗಳ ಕಡೆಗೆ ಎಳೆದದ್ದು ಈ ಹೆಸರುಗಳೇ. ಶಾಸನಗಳಲ್ಲಿ ಗದ್ಯಾಣ, ಹಾಗ, ವೀಸ ಎಂದು ಓದುತ್ತಿದ್ದ ನನಗೆ ಅವುಗಳ ಮುಖ ನೋಡಬೇಕೆಂಬ ಆಸೆ ಹುಟ್ಟಿತು.

ಹಳೆಯ ನಾಣ್ಯಗಳು ಒಳ್ಳೆಯ ಬೆಲೆಗೆ ಎಲ್ಲಿ ಸಿಕ್ಕುತ್ತವೆ ಎಂದು ಕಿರಿಯ ಮಿತ್ರರು ನನ್ನನ್ನು ಕೇಳುವುದುಂಟು. ನಾನು ಸಂಗ್ರಹ ಆರಂಭಿಸಿದಾಗ ಇದಕ್ಕೆ ಉತ್ತರ ಸುಲಭವಾಗಿತ್ತು: ಪಾತ್ರೆ ಅಂಗಡಿ. ಹಳೆಯ ತಾಮ್ರದ ಹಂಡೆ, ಮುರಿದ ಚೊಂಬು, ಸೊಟ್ಟಾದ ತಟ್ಟೆಗಳನ್ನು ತೂಕಕ್ಕೆ ಕೊಂಡುಕೊಳ್ಳುವ ಅಂಗಡಿಗಳಲ್ಲಿ ಒಂದು ಮೂಲೆಯ ಡಬ್ಬಿಯಲ್ಲಿ ತಾಮ್ರದ ಕಾಸುಗಳೂ ಬಿದ್ದಿರುತ್ತಿದ್ದವು. ಅಂಗಡಿಯವನಿಗೆ ಅದು ತಾಮ್ರ, ಅಷ್ಟೆ. ಅಂಥ ಒಂದು ಡಬ್ಬಿಯಿಂದಲೇ ನನಗೆ ಟಿಪ್ಪುಸುಲ್ತಾನನ ಆನೆಯ ನಾಣ್ಯ ಮೊದಲು ದೊರೆತದ್ದು. ಆಮೇಲೆ ಅಕ್ಕಸಾಲಿಗರ ಬೀದಿ, ಸಂತೆಯ ದಿನ ನೆಲದ ಮೇಲೆ ಬಟ್ಟೆ ಹಾಸಿ ಮಣಿಸರ, ರುದ್ರಾಕ್ಷಿಗಳ ನಡುವೆ ಹಳೆಯ ನಾಣ್ಯಗಳನ್ನಿಟ್ಟು ಕೂಡುವವರು, ಕಾವೇರಿಯ ಘಟ್ಟಗಳಲ್ಲಿ ಮರಳು ಜಾಲಿಸಿ ಭಕ್ತರು ಎಸೆದ ಕಾಸು ಹೆಕ್ಕುವ ಹುಡುಗರು. ಈಗ ಈ ಮೂಲಗಳು ಬಹುಮಟ್ಟಿಗೆ ಬತ್ತಿವೆ. ನಾಣ್ಯ ಸಂಘಗಳ ಪ್ರದರ್ಶನಗಳು, ಪಟ್ಟಿ ಅಚ್ಚು ಮಾಡಿಸಿ ನಡೆಸುವ ಹರಾಜುಗಳು, ಪರಿಚಿತ ವ್ಯಾಪಾರಿಗಳು, ಇವೇ ಈಗಿನ ದಾರಿ. ಪ್ರದರ್ಶನಕ್ಕೆ ಕಡೆಯ ದಿನ ಮಧ್ಯಾಹ್ನ ಹೋಗುವುದು ಲೇಸು. ಸರಕನ್ನು ಮತ್ತೆ ಕಟ್ಟಿಕೊಂಡು ಹೋಗುವ ಬೇಸರದಲ್ಲಿ ವ್ಯಾಪಾರಿ ಮೆದುವಾಗಿರುತ್ತಾನೆ.

ಬೆಲೆಯ ವಿಚಾರದಲ್ಲಿ ಹೊಸಬರು ಒಂದು ತಪ್ಪು ತಿಳಿಯುತ್ತಾರೆ. ಹಳೆಯದಾದಷ್ಟೂ ಬೆಲೆ ಹೆಚ್ಚು ಎಂಬ ಭಾವನೆ ಅದು. ಹಾಗೇನೂ ಇಲ್ಲ. ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು, ಅಕ್ಷರ ಎಷ್ಟು ಸ್ಪಷ್ಟ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಟಿಪ್ಪುವಿನ ತಾಮ್ರವನ್ನೇ ನೋಡಿ. ಶ್ರೀರಂಗಪಟ್ಟಣ, ನಗರ, ಬೆಂಗಳೂರು, ಚಿತ್ರದುರ್ಗ, ಗುತ್ತಿ, ಕಲ್ಲಿಕೋಟೆ ಮೊದಲಾಗಿ ಹತ್ತಕ್ಕೂ ಮಿಕ್ಕ ಟಂಕಸಾಲೆಗಳಲ್ಲಿ ಅವನ್ನು ಒತ್ತಿದರು. ಹೀಗಾಗಿ ಸವೆದ ಆನೆಯ ಪೈಸೆಯೊಂದನ್ನು ಈಗಲೂ ಒಳ್ಳೆಯ ಊಟವೊಂದರ ಖರ್ಚಿನಲ್ಲಿ ಕೊಳ್ಳಬಹುದು. ಆದರೆ ಅದರಲ್ಲಿರುವ ಚರಿತ್ರೆ ಅಗ್ಗದ್ದಲ್ಲ. ಟಿಪ್ಪು ತಾಮ್ರದ ನಾಣ್ಯಗಳಿಗೆ ಗ್ರಹ ನಕ್ಷತ್ರಗಳ ಹೆಸರಿಟ್ಟ. ಪೈಸೆ ಜೊಹ್ರಾ, ಎಂದರೆ ಶುಕ್ರ. ಅರ್ಧ ಪೈಸೆ ಬಹ್ರಾಮ್, ಎಂದರೆ ಅಂಗಾರಕ. ಎಲ್ಲಕ್ಕೂ ಚಿಕ್ಕದು ಕುತುಬ್, ಧ್ರುವನಕ್ಷತ್ರ. 1787ರಲ್ಲಿ ಮೌಲೂದಿ ಎಂಬ ಹೊಸ ಶಕೆಯನ್ನು ತಂದು, ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದ. ಇದನ್ನರಿಯದೆ ವರ್ಷವನ್ನು ತಿರುಗುಮುರುಗಾಗಿ ಓದಿ ದಿಗ್ಭ್ರಮೆಗೊಂಡವರಲ್ಲಿ ನಾನೂ ಒಬ್ಬ. 1921ರಲ್ಲಿ ಪ್ರಕಟವಾದ ಹೆಂಡರ್ಸನ್ನರ ಪುಸ್ತಕ ಕೈಗೆ ಬಂದ ಮೇಲೆ ನನ್ನ ಕಣ್ಣು ತೆರೆಯಿತು. ನಾಣ್ಯಕ್ಕಿಂತ ಮೊದಲು ಪುಸ್ತಕ ಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ. ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳನ್ನು ಕುರಿತು 1975ರಲ್ಲಿ ತಂದ ಗ್ರಂಥವೊಂದಿದ್ದರೆ ನಮ್ಮ ನಾಡಿನ ಮಟ್ಟಿಗೆ ಅರ್ಧ ದಾರಿ ನಡೆದಂತೆ.

ಹೈದರಾಲಿಯ ವರಹ ಇನ್ನೊಂದು ಸ್ವಾರಸ್ಯ. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್, ಕೆಳದಿಯ ನಾಯಕರ ವರಹದ ಮೇಲಿದ್ದ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನಷ್ಟೇ ಒತ್ತಿಸಿದ. ಜನಕ್ಕೆ ನಂಬಿಕೆಯಿರುವ ನಾಣ್ಯವನ್ನು ಕೆಡಿಸಬಾರದೆಂಬ ವ್ಯವಹಾರಜ್ಞಾನ ಅದು. ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿಯೂ ಆ ದಂಪತಿಗಳೇ ಕುಳಿತಿದ್ದಾರೆ. ಅವರ ತಾಮ್ರದ ‘ಮಯಿಲಿ ಕಾಸು’ಗಳಲ್ಲಿ ಕನ್ನಡವೂ ಇಂಗ್ಲಿಷೂ ಒಟ್ಟಿಗೆ ಬಂದಿವೆ. ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಹೋಗಿ, 1843ರಲ್ಲಿ ಮುಚ್ಚಿತು. ಕನ್ನಡ ಅಕ್ಷರವನ್ನು ನಾಣ್ಯದ ಮೇಲೆ ನೋಡಬಯಸುವ ಬಡ ಸಂಗ್ರಾಹಕನಿಗೆ ಮಯಿಲಿ ಕಾಸಿಗಿಂತ ಒಳ್ಳೆಯ ಆರಂಭವಿಲ್ಲ.

ಅಗ್ಗದ ಬೆಲೆಯ ಸಂತೋಷವನ್ನು ಇಷ್ಟು ಹೇಳಿದ ಮೇಲೆ ನನ್ನ ಒಂದು ಕಥೆಯನ್ನೂ ಹೇಳಲೇಬೇಕು. 1986ರಲ್ಲಿ ನಾನು ಹಾಸನದ ಕಡೆಯ ಒಂದು ಸಣ್ಣ ಊರಿನ ಕಾಲೇಜಿನಲ್ಲಿದ್ದೆ. ನನ್ನ ವಿದ್ಯಾರ್ಥಿಯೊಬ್ಬನ ತಂದೆ ಒಂದು ಸಂಜೆ ಮನೆಗೆ ಬಂದು, ಪಂಚೆಯ ಗಂಟಿನಿಂದ ಒಂದು ಚಿನ್ನದ ನಾಣ್ಯ ತೆಗೆದು ಮೇಜಿನ ಮೇಲಿಟ್ಟರು. ಕೊಟ್ಟಿಗೆಗೆ ಪಾಯ ತೋಡುವಾಗ ಸಿಕ್ಕಿತಂತೆ. ಒಂದು ಬದಿಯಲ್ಲಿ ಸಿಂಹ. ಮತ್ತೊಂದು ಬದಿಯಲ್ಲಿ ಹಳಗನ್ನಡ ಲಿಪಿಯ ಸಾಲುಗಳು. ‘ಶ್ರೀ ತಳಕಾಡುಗೊಂಡ’ ಎಂದು ಓದುವಾಗ ನನ್ನ ಕೈ ನಡುಗಿತು. ಚೋಳರಿಂದ ತಲಕಾಡನ್ನು ಗೆದ್ದ ಹೊಯ್ಸಳ ವಿಷ್ಣುವರ್ಧನನ ಬಿರುದು. ತರಗತಿಯಲ್ಲಿ ವರ್ಷವರ್ಷವೂ ನಾನು ಉಚ್ಚರಿಸುತ್ತಿದ್ದ ಬಿರುದು.

“ಇದಕ್ಕೆ ಏನು ಬರಬಹುದು ಮೇಷ್ಟ್ರೇ?” ಎಂದರು ಅವರು.

“ಚಿನ್ನದ ಬೆಲೆ ಬಂದೀತು ಗೌಡರೇ” ಎಂದೆ.

ಆ ಮಾತು ಸುಳ್ಳಲ್ಲ, ನಿಜವೂ ಅಲ್ಲ. ತಿಂಗಳ ಮೊದಲಲ್ಲಿ ಸಂಬಳ ಬಂದೊಡನೆ ಅದೇ ಬೆಲೆಗೆ ನಾನೇ ಕೊಂಡುಕೊಳ್ಳಬೇಕೆಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದ್ದೆ. ಬಾಯಿ ಬಿಟ್ಟು ಅದನ್ನೂ ಹೇಳಲಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾಯಿದೆ 1878ರಿಂದಲೂ ಈ ದೇಶದಲ್ಲಿತ್ತು. ಅದು ನನಗೆ ಗೊತ್ತಿತ್ತು. ಗೌಡರಿಗೆ ಗೊತ್ತಿರಲಿಲ್ಲ. ಹದಿನೈದು ದಿನಗಳ ಮೇಲೆ ನಾನು ಹಣ ಜೋಡಿಸಿಕೊಂಡು ಅವರ ಊರಿಗೆ ಹೋದೆ. ಮನೆಯ ಮುಂದೆ ಚಪ್ಪರ ಹಾಕುತ್ತಿದ್ದರು. “ನೀವು ಹೇಳಿದ ಹಾಗೇ ಚಿನ್ನದ ಬೆಲೆಗೆ ಹಾಕಿಕೊಂಡ ಆಚಾರಿ. ಮಗಳ ತಾಳಿಗೆ ಎರಡು ಗುಂಡು ಮಾಡಿಸಿದೆ” ಎಂದು ಉಪಕಾರಸ್ಮರಣೆಯಿಂದ ಹೇಳಿದರು. ಮದುವೆಗೆ ಬರಬೇಕೆಂದು ಅಕ್ಷತೆಯನ್ನೂ ಕೊಟ್ಟರು. ನಾನು ಮದುವೆಗೆ ಹೋಗಲಿಲ್ಲ.

ಒಂದು ಸಾಲು ಕಾಗದ ಬರೆದು ಪುರಾತತ್ವ ಇಲಾಖೆಗೆ ತಿಳಿಸಿದ್ದರೆ, ಆ ಕೊಟ್ಟಿಗೆಯ ಪಾಯದಲ್ಲಿ ಇನ್ನೇನಿತ್ತು, ಅದು ಒಂಟಿ ನಾಣ್ಯವೋ ಕುಡಿಕೆಯೋ ಎಂಬುದಾದರೂ ತಿಳಿಯುತ್ತಿತ್ತು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮನರ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಎಲ್ಲಿ, ಎಂದು ಸಿಕ್ಕಿತೆಂಬುದು ದಾಖಲೆಯಾದುದರಿಂದಲೇ ನಮ್ಮ ನೆಲಕ್ಕೂ ರೋಮಿಗೂ ಇದ್ದ ವ್ಯಾಪಾರದ ಮಾತು ಬಂದಾಗ ಅದನ್ನು ಸಾಕ್ಷಿಯಾಗಿ ಕರೆಯಲು ಸಾಧ್ಯವಾಗಿದೆ. ಸಿಕ್ಕ ಜಾಗ ಮರೆತುಹೋದ ನಾಣ್ಯ ಊರು ಹೇಳಲಾರದ ಮಗುವಿದ್ದಂತೆ.

ಇನ್ನು ಮೋಸದ ಮಾತು ಎರಡು. ರಾಮ ಸೀತೆ ಹನುಮಂತರಿದ್ದು ಹಿಂದೆ ಈಸ್ಟ್ ಇಂಡಿಯಾ ಕಂಪನಿ, 1818 ಎಂದು ಬರೆದ ತಾಮ್ರದ ಬಿಲ್ಲೆಯನ್ನು ಲಕ್ಷ ಬೆಲೆಯದೆಂದು ತೋರಿಸುವವರಿದ್ದಾರೆ. ಕಂಪನಿ ಅಂಥ ನಾಣ್ಯವನ್ನು ಎಂದೂ ಒತ್ತಲಿಲ್ಲ. ಅದು ಈಚಿನ ಕೈವಾಡ. ಹುಣಸೆಹಣ್ಣು ಹಚ್ಚಿ ಬೆಳಗಿದ ನಾಣ್ಯವನ್ನೂ ಕೊಳ್ಳಬೇಡಿ. ನಮ್ಮ ಮನೆಗಳ ಹೆಂಗಸರು ತಾಮ್ರ ಕಂಡರೆ ಬೆಳಗದೆ ಬಿಡರು. ನನ್ನ ಮೊದಲ ಆನೆಗೂ ಆ ಅಭ್ಯಂಗನ ಆಯಿತು. ನೂರು ವರ್ಷ ದಾಟಿದ ನಾಣ್ಯವನ್ನು ಹೊರದೇಶಕ್ಕೆ ಒಯ್ಯುವಂತಿಲ್ಲ ಎಂಬ 1972ರ ಕಾಯಿದೆಯನ್ನು ವಿದೇಶದಲ್ಲಿರುವ ಮಕ್ಕಳಿಗೆ ಉಡುಗೊರೆ ಕಳಿಸುವ ತಂದೆತಾಯಿಗಳು ನೆನಪಿಡಬೇಕು.

ನನ್ನ ನಾಣ್ಯಗಳು ಈಗ ಒಂದೊಂದೂ ಒಂದು ಕಾಗದದ ಲಕೋಟೆಯಲ್ಲಿವೆ. ಮೇಲೆ ತೂಕ, ಕೊಂಡ ತಾರೀಕು, ಅಂಗಡಿ, ಮಾರಿದವರು ಹೇಳಿದ ಊರು ಬರೆದಿದ್ದೇನೆ. 1986ಕ್ಕೆ ಹಿಂದಿನ ಲಕೋಟೆಗಳಲ್ಲಿ ಊರಿನ ಹೆಸರಿಲ್ಲ. ಬೆಲೆಯನ್ನು ಮಾತ್ರ ಪೈಸೆಯ ಲೆಕ್ಕದಲ್ಲಿ ಬರೆದಿಟ್ಟುಕೊಂಡಿದ್ದೇನೆ.