ವಕ್ರರೇಖೆಯ ಕೊರೆತದಲ್ಲಿ ನಿಷ್ಕೃಷ್ಟತೆ: ಒಂದು ಚಾರಿತ್ರಿಕ ವಿವೇಚನೆ

ಅಮೀನಗಡಕ್ಕೆ ಸಮೀಪದ ಐಹೊಳೆಯ ದುರ್ಗದ ಗುಡಿಯನ್ನು ಚರಿತ್ರೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಏಳನೆಯ ಶತಮಾನದ ಅಂತ್ಯಕ್ಕೋ ಎಂಟನೆಯ ಶತಮಾನದ ಆದಿಗೋ ಸೇರಿದ ಈ ಗುಡಿಯ ಹಿಂಭಾಗ ಗಜಪೃಷ್ಠಾಕಾರದ್ದು. ಅಧಿಷ್ಠಾನದ ಪಟ್ಟಿಕೆಗಳು ನೇರವಾಗಿ ಸಾಗಿ ಬಂದು ಅಲ್ಲಿ ಬಾಗುತ್ತವೆ. ಒಂದೊಂದು ಕಲ್ಲೂ ಬಾಗಿನ ಒಂದು ತುಣುಕನ್ನು ಮಾತ್ರ ಹೊರುತ್ತದೆ. ಅದರ ಮೈ ನೇರವಾಗಿಯೇ ಉಳಿದರೆ ಸಂದುಸಂದಿನಲ್ಲಿಯೂ ಕೋನ ಎದ್ದು ಕಾಣುವುದು. ಇಂದಿನ ಗಣಕನಿಯಂತ್ರಿತ ಮಿಲ್ಲಿಂಗ್ ಯಂತ್ರದ ಸಮಸ್ಯೆಯೂ ಮೂಲತಃ ಇದೇ. ಆದರೆ ಶಿಲ್ಪಿಗಿಲ್ಲದ ಒಂದು ಒತ್ತಡ ಯಂತ್ರಕ್ಕೆ ಉಂಟು: ವೇಗ. ಈ ಯಂತ್ರದ ಇತಿಹಾಸವನ್ನು ಗಣಕಶಕ್ತಿಯ ಏಳಿಗೆಯ ಕಥೆಯೆಂದು ಬರೆಯುವ ವಾಡಿಕೆಯಿದೆ. ಅದು ಅರ್ಧಸತ್ಯವೆಂಬುದು ನಮ್ಮ ಅಭಿಪ್ರಾಯ.

1940ರ ದಶಕದ ಕೊನೆಯಲ್ಲಿ ಅಮೆರಿಕದ ಜಾನ್ ಪಾರ್ಸನ್ಸ್ ಅವರು ಹೆಲಿಕಾಪ್ಟರಿನ ಅಲಗುಗಳ ಮಾದರಿಪಟ್ಟಿಗಳಿಗಾಗಿ ವಕ್ರರೇಖೆಯ ಮೇಲಿನ ಬಿಂದುಗಳನ್ನು ಲೆಕ್ಕಯಂತ್ರದಿಂದ ಪಡೆದರು. ಬಿಂದುಬಿಂದುವಿನಲ್ಲಿ ಕೊರೆದು, ನಡುವೆ ಉಳಿದ ಏಣುಗಳನ್ನು ಅರದಿಂದ ಉಜ್ಜಿ ತೆಗೆಯಬೇಕಾಗಿತ್ತು. 1952ರಲ್ಲಿ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯು ರಂಧ್ರಪಟ್ಟಿಯ ಆಜ್ಞೆಯಂತೆ ಮೂರು ಅಕ್ಷಗಳಲ್ಲಿ ಏಕಕಾಲಕ್ಕೆ ಚಲಿಸುವ ಯಂತ್ರವನ್ನು ಪ್ರದರ್ಶಿಸಿತು. ನುರಿತ ಕೆಲಸಗಾರನ ಕೈಚಲನೆಯನ್ನೇ ಪಟ್ಟಿಯಲ್ಲಿ ಮುದ್ರಿಸಿಕೊಳ್ಳುವ ಇನ್ನೊಂದು ವಿಧಾನವೂ ಆಗ ಇದ್ದಿತು. ಅದು ಹಿಂದೆ ಬಿದ್ದುದರಲ್ಲಿ ಆಡಳಿತವರ್ಗದ ಹಿತವೂ ಸೇರಿತ್ತೆಂದು ಡೇವಿಡ್ ನೋಬಲ್ ಅವರು 1984ರಲ್ಲಿ ವಾದಿಸಿದರು. ಈ ವಾದ ನಮಗೆ ಬಹುಮಟ್ಟಿಗೆ ಒಪ್ಪಿಗೆ. ಆದರೂ ಅಲಗಿನ ಬಾಗು ಕೇವಲ ಕೈಯಳತೆಗೆ ಸುಲಭವಾಗಿ ಸಿಕ್ಕುವಂಥದಲ್ಲ.

ನಮ್ಮ ನಾಡಿನಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ (1941), ಬೆಂಗಳೂರಿನ ಹಿಂದೂಸ್ತಾನ್ ಮೆಷಿನ್ ಟೂಲ್ಸ್ (1953) ಹಾಗೂ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ (1962) ಈ ವಿದ್ಯೆಗೆ ನೆಲೆ ಒದಗಿಸಿದವು.

ಬಾಗನ್ನು ಸಣ್ಣ ಸರಳರೇಖೆಗಳಾಗಿ ಒಡೆದಾಗ ಚಾಪಕ್ಕೂ ಜ್ಯೆಗೂ ನಡುವೆ ಉಳಿಯುವ ಎತ್ತರವನ್ನು ನಮ್ಮ ಪ್ರಾಚೀನ ಗಣಿತಜ್ಞರು 'ಶರ'ವೆಂದರು. ವ್ಯಾಸವೂ ಜ್ಯೆಯೂ ತಿಳಿದಿದ್ದರೆ ಅದನ್ನು ಕಂಡುಹಿಡಿಯುವ ಸೂತ್ರ ಭಾಸ್ಕರಾಚಾರ್ಯನ 'ಲೀಲಾವತಿ'ಯಲ್ಲಿ (1150) ಇದೆ. 50 ಮಿ.ಮೀ. ತ್ರಿಜ್ಯದ ವೃತ್ತದಲ್ಲಿ 1 ಮಿ.ಮೀ. ಜ್ಯೆಗೆ ಶರ ಸುಮಾರು 2.5 ಮೈಕ್ರಾನ್, ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಎರಡೂವರೆ ಭಾಗ. ಜ್ಯೆಯನ್ನು ಅರ್ಧಕ್ಕಿಳಿಸಿದರೆ ಶರ ಕಾಲುಭಾಗಕ್ಕಿಳಿಯುತ್ತದೆ. ಈ ದೋಷವನ್ನು ಗಣಕ ಗೆದ್ದಿತೆನ್ನಲು ಅಡ್ಡಿಯಿಲ್ಲ.

ಇನ್ನೊಂದು ದೋಷ ಬೇರೆ ಜಾತಿಯದು. ಮೋಟಾರು ಆಜ್ಞೆಯನ್ನು ಅನುಸರಿಸುವಾಗ ಸದಾ ಸ್ವಲ್ಪ ಹಿಂದೆ ಬೀಳುತ್ತದೆ. ಹಿಂದೆ ಬಿದ್ದ ಪ್ರತಿ ಮಿ.ಮೀ.ಗೆ ಸೆಕೆಂಡಿಗೆ 50 ಮಿ.ಮೀ. ವೇಗ ತಾಳುವ ಸಾಮಾನ್ಯ ವ್ಯವಸ್ಥೆಯಲ್ಲಿ, ನಿಮಿಷಕ್ಕೆ 6 ಮೀಟರ್ ನಡೆಯುವ ಕಟ್ಟರ್ 2 ಮಿ.ಮೀ. ಹಿಂದುಳಿದಿರುತ್ತದೆ. ಸರಳರೇಖೆಯಲ್ಲಿ ಎರಡು ಅಕ್ಷಗಳೂ ಸಮಪ್ರಮಾಣದಲ್ಲಿ ಹಿಂದೆ ಬೀಳುವುದರಿಂದ ಕೇಡಿಲ್ಲ, ದಾರಿ ತಪ್ಪುವುದಿಲ್ಲ. ಮೇಲೆ ಹೇಳಿದ ವೃತ್ತದಲ್ಲಾದರೋ ಕಟ್ಟರ್ ಸುಮಾರು 40 ಮೈಕ್ರಾನಿನಷ್ಟು ಒಳಸರಿಯುತ್ತದೆ. ಇದು ಶರದ ಹದಿನಾರು ಪಟ್ಟು! ವೇಗ ಇಮ್ಮಡಿಸಿದರೆ ದೋಷ ನಾಲ್ಮಡಿಸುತ್ತದೆ. ಜ್ಯೆಯನ್ನು ಎಷ್ಟು ಚಿಕ್ಕದು ಮಾಡಿದರೂ ಇದು ಕರಗದು.

ಆದುದರಿಂದ ನಿಜವಾದ ತಿರುವನ್ನು ನಾವು 1980ರಲ್ಲಿ ಕಾಣುತ್ತೇವೆ. ಪ್ರತಿ ಅಕ್ಷದ ತಪ್ಪನ್ನು ಬೇರೆಬೇರೆಯಾಗಿ ತಿದ್ದುವುದರ ಬದಲು, ಪಥದಿಂದ ಕಟ್ಟರ್ ಎಷ್ಟು ಸರಿದಿದೆಯೆಂಬುದನ್ನೇ ಅಳೆದು ಅಕ್ಷಗಳನ್ನು ಒಟ್ಟಿಗೆ ತಿದ್ದುವ ಕ್ರಮವನ್ನು ಯೋರಾಮ್ ಕೋರೆನ್ ಅವರು ಆ ವರ್ಷ ಮುಂದಿಟ್ಟರು. 1987ರಲ್ಲಿ ಮಸಾಯೋಶಿ ತೋಮಿಜುಕ ಅವರು ಮುಂಬರುವ ಪಥವನ್ನು ಮೊದಲೇ ತಿಳಿದು ಹಿಂದುಳಿಕೆಯನ್ನು ನೀಗಿಸುವ ವಿಧಾನವನ್ನು ಪ್ರಕಟಿಸಿದರು. ಇವೆರಡರ ಜೊತೆಗೆ ಬಾಗು ಬಿಗಿಯಾಗುವಲ್ಲಿ ವೇಗವನ್ನು ಮುಂಚಿತವಾಗಿಯೇ ತಗ್ಗಿಸುವ ರೂಢಿಯೂ ಬಳಕೆಗೆ ಬಂದಿತು. 50 ಮಿ.ಮೀ. ತ್ರಿಜ್ಯ 25ಕ್ಕಿಳಿದಾಗ, ಒಳಸರಿತ ಮೊದಲಿನಷ್ಟೇ ಇರಬೇಕಾದರೆ 6 ಮೀಟರಿನ ವೇಗ ಸುಮಾರು 4.2 ಮೀಟರಿಗೆ ಇಳಿಯಬೇಕು.